ಕೆಳಗೆ ನನ್ನ ಹೆಸರು

ಕ್ಷಮೆ ಕೇಳುವುದು ನನ್ನ ಹೊಟ್ಟೆಪಾಡು. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು; ನನ್ನ ಹುದ್ದೆಯ ಉದ್ದನೆಯ ಇಂಗ್ಲಿಷ್ ಹೆಸರನ್ನು ಬಿಡಿಸಿ ನೋಡಿದರೆ ಕೊನೆಗೆ ಉಳಿಯುವ ಅರ್ಥ ಅಷ್ಟೇ. ಕಟ್ಟಡಗಳಿಗೆ ಲಿಫ್ಟ್ ಕೂಡಿಸುವ, ಕೂಡಿಸಿದ್ದನ್ನು ನೋಡಿಕೊಳ್ಳುವ ಕಂಪನಿ ನಮ್ಮದು. ಆಫೀಸು ಮುಂಬೈಯ ವಿಕ್ರೋಳಿಯಲ್ಲಿ. ಲಿಫ್ಟ್ ನಡೆಯುತ್ತಿರುವಾಗ ನಾನೊಬ್ಬ ಇದ್ದೇನೆಂದು ಯಾರಿಗೂ ಗೊತ್ತಿರುವುದಿಲ್ಲ. ನಿಂತಾಗ ಪತ್ರ ಬರೆಯುತ್ತಾರೆ. ಆ ಪತ್ರಗಳಿಗೆ ಉತ್ತರ ಬರೆದು, ಆದ ತೊಂದರೆಗೆ ವಿಷಾದ ತಿಳಿಸಿ, ಕೆಳಗೆ ಅಣ್ಣಿಗೇರಿ ಎಂದು ಹೆಸರು ಹಾಕುವವನು ನಾನು. ಇಷ್ಟು ವರ್ಷಗಳಲ್ಲಿ ನಾನು ಕೇಳಿರುವಷ್ಟು ಕ್ಷಮೆಯನ್ನು ಎಂಥ ಪಾಪಿಯೂ ಕೇಳಿರಲಾರ. ಮನೆಯಲ್ಲಿ ಮಾತ್ರ ಒಮ್ಮೆಯೂ ಕೇಳಿಲ್ಲವೆಂದು ನನ್ನ ಹೆಂಡತಿ ಆಣೆ ಮಾಡಿ ಹೇಳುತ್ತಾಳೆ. ಇರುವುದೆಲ್ಲ ಆಫೀಸಿನಲ್ಲೇ ಖರ್ಚಾಗಿಬಿಡುತ್ತದೆ ಎಂಬುದು ನನ್ನ ಸಮಜಾಯಿಷಿ.

ಹಾಗೆ ನೋಡಿದರೆ ನಮ್ಮ ಜನಕ್ಕೆ ಬಾಯಿಬಿಟ್ಟು ಕ್ಷಮೆ ಕೇಳುವ ರೂಢಿಯೇ ಕಡಿಮೆ. ನಾನು ದಿನಾ ಡೊಂಬಿವಲಿಯಿಂದ ಬರುವ ಲೋಕಲ್‌ನಲ್ಲಿ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗದ ಗಳಿಗೆಯೇ ಇಲ್ಲ. ತಾಗಿದವನು ಏನೂ ಮಾತಾಡುವುದಿಲ್ಲ. ಬೆರಳ ತುದಿಯಿಂದ ಎದುರಿನವನ ಮೊಣಕಾಲನ್ನೋ ಚೀಲವನ್ನೋ ಮುಟ್ಟಿ, ಅದೇ ಬೆರಳನ್ನು ತನ್ನ ಎದೆಗೆ ತಂದುಕೊಳ್ಳುತ್ತಾನೆ. ಎದುರಿನವನು ಮೊಬೈಲಿನಿಂದ ಕಣ್ಣೆತ್ತದೆ ತಲೆಯಾಡಿಸುತ್ತಾನೆ. ವ್ಯವಹಾರ ಮುಗಿಯಿತು. ಪತ್ರದಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಎಲ್ಲವೂ ಪದಗಳಿಂದಲೇ ಆಗಬೇಕು. ಕ್ಷಮೆಯಲ್ಲಿ ಪದಗಳು ಹೆಚ್ಚಿದಷ್ಟೂ ಓದುವವರ ಅನುಮಾನ ಹೆಚ್ಚುತ್ತದೆ ಎಂಬುದು ನನ್ನ ಅನುಭವ. ಆದರೂ ಕಂಪನಿಗೆ ಉದ್ದನೆಯ ಕ್ಷಮೆಯೇ ಇಷ್ಟ.

ಹೀಗೆ ಪದಗಳಿಗಾಗಿ ಪರದಾಡುತ್ತಿದ್ದ ಕಾಲದಲ್ಲಿ ಎಐ ಬಂತು. ಕಂಪನಿಯೇ ಅದನ್ನು ಎಲ್ಲರ ಕಂಪ್ಯೂಟರಿಗೆ ಹಾಕಿಸಿತು. ಜೊತೆಗೆ ಅದನ್ನು ನೀತಿ ತಪ್ಪದೆ, ಕಸುಬಿಗೆ ತಕ್ಕಂತೆ ಬಳಸುವುದು ಹೇಗೆಂದು ಕಲಿಸಲು ನಮ್ಮನ್ನೆಲ್ಲ ಬಾಂದ್ರಾದ ದೊಡ್ಡ ಆಫೀಸಿಗೆ ಒಂದು ದಿನದ ತರಬೇತಿಗೆ ಕರೆದರು. ಹೇಳಿಕೊಟ್ಟವಳು ಚುರುಕಾದ ಹುಡುಗಿ. ಗ್ರಾಹಕರ ಹೆಸರು, ಫೋನ್ ನಂಬರು ಅದರ ಬಾಯಿಗೆ ಹಾಕಬೇಡಿ ಎಂದಳು. ಅದು ಬರೆದುಕೊಟ್ಟದ್ದನ್ನು ಪರೀಕ್ಷೆ ಮಾಡದೆ ಮುಂದೆ ಕಳಿಸಬೇಡಿ ಎಂದಳು. ತನಗೆ ಗೊತ್ತಿಲ್ಲದ್ದನ್ನೂ ಅದು ಗೊತ್ತಿರುವವರ ಹಾಗೆಯೇ ಖಡಾಖಂಡಿತವಾಗಿ ಹೇಳುತ್ತದೆ, ಹುಷಾರು ಎಂದಾಗ ನಮ್ಮ ಹಿರಿಯ ಮ್ಯಾನೇಜರರೊಬ್ಬರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಮಧ್ಯಾಹ್ನದ ಊಟಕ್ಕೆ ಬಿರಿಯಾನಿ ಇತ್ತು. ಊಟದ ನಂತರದ ಪಾಠ ಜವಾಬ್ದಾರಿಯ ಕುರಿತದ್ದು. ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿಕೊಂಡು ಹಾಜರಿದ್ದೆ.

ನಾನು ಅದಕ್ಕೆ ಕಾರಕೂನ ಎಂದು ಹೆಸರಿಟ್ಟೆ. ನಮ್ಮ ಧಾರವಾಡದ ಕಡೆ ಕಚೇರಿಯಲ್ಲಿ ಬರೆದುಕೊಂಡು ಕೂತಿರುವ ಗುಮಾಸ್ತನಿಗೆ ಹಾಗೆನ್ನುತ್ತಾರೆ. ಆದರೆ ಇಂಥ ಕಾರಕೂನ ಯಾವ ಕಚೇರಿಗೂ ಸಿಕ್ಕಿರಲಿಕ್ಕಿಲ್ಲ. ಚಹಾಕ್ಕೆ ಏಳುವುದಿಲ್ಲ, ರಜೆ ಕೇಳುವುದಿಲ್ಲ, ಪಕ್ಕದ ಟೇಬಲಿನವನ ಬಡ್ತಿಗೆ ಹೊಟ್ಟೆಕಿಚ್ಚುಪಡುವುದಿಲ್ಲ. ನಾನು ಎಂಥ ದಡ್ಡ ಪ್ರಶ್ನೆ ಕೇಳಿದರೂ ಬಹಳ ಒಳ್ಳೆಯ ಪ್ರಶ್ನೆ ಎಂದು ಹೊಗಳಿಯೇ ಉತ್ತರ ಕೊಡುತ್ತದೆ. ಮದುವೆಯಾದಂದಿನಿಂದ ನನಗೆ ಈ ಅನುಭವವೇ ಆಗಿರಲಿಲ್ಲ. ಇನ್ನಷ್ಟು ಮೆತ್ತಗೆ ಬರೆ ಎಂದರೆ ಬೆಣ್ಣೆ ಸವರುತ್ತದೆ. ಇನ್ನಷ್ಟು ಗಂಭೀರವಾಗಿ ಎಂದರೆ ಕರಿ ಕೋಟು ತೊಟ್ಟು ನಿಲ್ಲುತ್ತದೆ. ಎರಡೇ ತಿಂಗಳಲ್ಲಿ ನನ್ನ ಟೇಬಲಿನ ಮೇಲಿನ ಬಾಕಿ ಪತ್ರಗಳೆಲ್ಲ ಕರಗಿದವು. ಮೊದಲ ವಾರ ಪ್ರತಿ ಸಾಲು ಓದುತ್ತಿದ್ದೆ. ಎರಡನೇ ವಾರ ಮೊದಲ ಪ್ಯಾರಾ, ಕೊನೆಯ ಪ್ಯಾರಾ. ಆಮೇಲೆ ನನ್ನ ಹೆಸರು ಸರಿಯಾಗಿದೆಯೇ ಎಂದಷ್ಟೇ ನೋಡಿ ಕಳಿಸತೊಡಗಿದೆ.

ಭಾಂಡುಪ್‌ನ ಒಂದು ಹೌಸಿಂಗ್ ಸೊಸೈಟಿಯಿಂದ ಪತ್ರ ಬಂದದ್ದು ಆ ದಿನಗಳಲ್ಲಿ. ಏಳು ಮಹಡಿಯ ಹಳೆಯ ಬಿಲ್ಡಿಂಗ್, ಒಂದೇ ಲಿಫ್ಟ್. ಅದು ನಿಂತುಹೋಗಿ ಬಹಳ ದಿನವಾಗಿದೆ. ಆರನೇ ಮಹಡಿಯ ಗಂಗಾಬಾಯಿ ಇಂಡಿ ಎಂಬವರ ಹೆಸರಿನಲ್ಲಿ ಪತ್ರವಿತ್ತು. ಎಂಥ ಇಂಗ್ಲಿಷು ಅಂತೀರಿ. ಮನೆಯಿಂದ ನಡೆಯುವ ಉದ್ಯಮದ ಕಾರ್ಯಾಚರಣೆಗೆ ಗಂಭೀರ ಅಡಚಣೆಯಾಗಿದೆ ಎಂಬ ಧಾಟಿಯಲ್ಲಿ ಒಂದೂವರೆ ಪುಟ. ಯಾರೋ ವಕೀಲರು ಬರೆದುಕೊಟ್ಟಿರಬೇಕು ಎಂದುಕೊಂಡೆ. ಆಕೆಯ ಮಗಳು ತನ್ನ ಮೊಬೈಲಿನಲ್ಲಿದ್ದ ಇನ್ನೊಬ್ಬ ಕಾರಕೂನನಿಂದ ಬರೆಸಿದ್ದಳೆಂದು ತಿಳಿದದ್ದು ಆಮೇಲೆ. ನಾನು ಇಡೀ ಪತ್ರವನ್ನು ಹೆಸರು, ವಿಳಾಸ ಸಮೇತ ನನ್ನ ಕಾರಕೂನನಿಗೆ ಉಣ್ಣಿಸಿ, ಓದಿದವರಿಗೆ ಸಮಾಧಾನವಾಗಬೇಕು, ಭರವಸೆ ಬರಬೇಕು, ಹಾಗೆ ಉತ್ತರ ಬರೆ ಎಂದೆ. ಬರೆಯಿತು. ಕಳಿಸಿದೆ. ಒಟ್ಟಿನಲ್ಲಿ ಭಾಂಡುಪ್ ಮತ್ತು ವಿಕ್ರೋಳಿಯ ನಡುವೆ ಎರಡು ಯಂತ್ರಗಳು ಅತ್ಯಂತ ಸಭ್ಯವಾಗಿ ಪತ್ರವ್ಯವಹಾರ ನಡೆಸಿದವು. ಎರಡೂ ಕಡೆಯ ಮನುಷ್ಯರಿಗೆ ತಮ್ಮ ಹೆಸರಿನಲ್ಲಿ ಏನು ಹೋಯಿತೆಂದು ಗೊತ್ತಿರಲಿಲ್ಲ.

ಗುರುವಾರ ನನ್ನ ಟೇಬಲಿನ ಫೋನು ಹೊಡೆದುಕೊಂಡಿತು. ನಮ್ಮ ಇಲಾಖೆಗೆ ಬರುವ ಫೋನುಗಳ ಧ್ವನಿ ಹೇಗಿರುತ್ತದೆಂದು ನನಗೆ ಗೊತ್ತು. ಕಿವಿಯಿಂದ ಸ್ವಲ್ಪ ದೂರ ಹಿಡಿದೇ ಎತ್ತುತ್ತೇನೆ. ಆದರೆ ಈ ಧ್ವನಿ ವಿಜಾಪುರದ್ದು, ಮೇಲಾಗಿ ಅದರಲ್ಲಿ ಸಿಟ್ಟಿರಲಿಲ್ಲ. ಗಂಗಾಬಾಯಿ ನನಗೆ ಧನ್ಯವಾದ ಹೇಳಲು ಫೋನು ಮಾಡಿದ್ದರು.

ಅವರು ಹೇಳಿದ್ದು ಇಷ್ಟು. ಅವರದು ಖಡಕ್ ರೊಟ್ಟಿಯ ಕೆಲಸ. ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಒಣಗಿಸಿ, ಅಂಗಡಿಗಳಿಗೆ, ಮನೆಗಳಿಗೆ ಕೊಡುತ್ತಾರೆ. ಲಿಫ್ಟ್ ನಿಂತ ಮೇಲೆ ಖಾಯಂ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡಿದ್ದರು. ಖಡಕ್ ರೊಟ್ಟಿಯನ್ನು ಬುಟ್ಟಿಯಲ್ಲಿ ಹೊತ್ತು ಆರು ಮಹಡಿಯ ಇಕ್ಕಟ್ಟಾದ ಮೆಟ್ಟಿಲು ಇಳಿದರೆ ತಿರುವು ತಿರುವಿಗೂ ಗೋಡೆಗೆ ತಾಗಿ ಒಡೆಯುತ್ತದೆ. ಒಡೆದ ರೊಟ್ಟಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಈಗ ಒಬ್ಬರು ದೊಡ್ಡ ಕೇಟರಿಂಗಿನವರು ಮೊದಲ ಸಲ ಕೇಳಿದ್ದಾರೆ. ಮುಲುಂಡಿನಲ್ಲಿ ಯಾರದೋ ವಾಸ್ತುಶಾಂತಿ, ರವಿವಾರ ಬೆಳಿಗ್ಗೆ ರೊಟ್ಟಿ ಮುಟ್ಟಬೇಕು. ಇದೊಂದು ಸರಿಯಾಗಿ ನಡೆದರೆ ವರ್ಷವಿಡೀ ಅವರ ಕೆಲಸ ಈಕೆಗೆ. ತಪ್ಪಿದರೆ ಆ ಬಾಗಿಲು ಮುಚ್ಚಿದ ಹಾಗೆ. ಲಿಫ್ಟ್ ಇಲ್ಲದೆ ಹೇಗೆ ಒಪ್ಪಿಕೊಳ್ಳುವುದು ಎಂದು ಹಿಂದೆಮುಂದೆ ನೋಡುತ್ತಿರುವಾಗಲೇ ನನ್ನ ಪತ್ರ ಬಂತಂತೆ. ಶನಿವಾರದೊಳಗೆ ದುರಸ್ತಿ ಪೂರ್ತಿ ಆಗುತ್ತದೆ ಎಂದು ಅದರಲ್ಲಿ ಬರೆದಿತ್ತಂತೆ.

"ಸೊಸೈಟಿಯವರು ಹಚ್ಚಿದ ನೋಟೀಸೂ ಹಂಗ ಅಂದಿದ್ವು ರೀ, ನಾವು ನಂಬಿದ್ದಿಲ್ಲ" ಎಂದರು ಗಂಗಾಬಾಯಿ. "ಇದರಾಗ ಕೆಳಗ ನಿಮ್ಮ ಹೆಸರು ಓದಿದ್ಲು ಮಗಳು. ನಾ ಅಂದೆ, ಅಣ್ಣಿಗೇರಿ ಅಂದ್ರ ನಮ್ಮ ಕಡೆಯವರು. ಅವರು ಸುಳ್ಳ ಬರಿಯಂಗಿಲ್ಲ, ಆರ್ಡರ್ ಹಿಡಿ."

ಇಲ್ಲಿ ನಮ್ಮ ಅಡ್ಡಹೆಸರುಗಳ ಬಗ್ಗೆ ಒಂದು ಮಾತು ಹೇಳಬೇಕು. ಉತ್ತರ ಕರ್ನಾಟಕದವರಿಗೆ ಊರೇ ಹೆಸರು. ಮುಂಬೈಯಲ್ಲಿ ಬಿಲ್ಡಿಂಗಿನ ಕೆಳಗಿನ ನಾಮಫಲಕದಲ್ಲಿ ಒಬ್ಬ ನರಗುಂದ, ಒಬ್ಬ ಸವದತ್ತಿ ಕಂಡರೆ ನಮಗೆ ಕಾಲು ಮುಂದೆ ಹೋಗುವುದಿಲ್ಲ. ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅಂಚಿಗೆ ಕೂಡಲು ಆ ಒಂದು ಹೆಸರು ಸಾಕು. ಹೆಸರು ಹೇಳಿದವನು ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಕೇಳುವುದಿಲ್ಲ. ಊರು ಜಾಮೀನು ನಿಂತುಬಿಡುತ್ತದೆ. ನಿಜ ಹೇಳಬೇಕೆಂದರೆ ನಾನು ಅಣ್ಣಿಗೇರಿಯಲ್ಲಿ ಒಂದು ದಿನವೂ ಇದ್ದವನಲ್ಲ. ಅಜ್ಜನ ಕಾಲಕ್ಕೇ ಬಿಟ್ಟ ಊರು. ನಾನು ನೋಡಿದ್ದು ಗದಗಿಗೆ ಹೋಗುವ ರೈಲಿನ ಕಿಟಕಿಯಿಂದ. ಆದರೂ ಗಂಗಾಬಾಯಿಯ ಅಡಿಗೆಮನೆಯಲ್ಲಿ ಆ ಊರಿಗೆ ಊರೇ ನನ್ನ ಪರವಾಗಿ ಮಾತು ಕೊಟ್ಟಿತ್ತು.

ಫೋನಿಟ್ಟು ನಾನು ಕಳಿಸಿದ್ದ ಪತ್ರವನ್ನು ಮೊದಲ ಬಾರಿಗೆ ಓದಿದೆ. ಶನಿವಾರ ಎಂಬ ಮಾತು ಎರಡನೇ ಪ್ಯಾರಾದ ನಡುವೆ ನೆಮ್ಮದಿಯಾಗಿ ಕೂತಿತ್ತು. ನಾನು ಕಾರಕೂನನಿಗೆ ಯಾವ ದಿನವನ್ನೂ ಹೇಳಿರಲಿಲ್ಲ. ಭರವಸೆ ಬರಬೇಕು ಎಂದಿದ್ದೆ. ದಿನ ಗೊತ್ತುಮಾಡುವುದಕ್ಕಿಂತ ದೊಡ್ಡ ಭರವಸೆ ಯಾವುದು? ಪಾಪ, ಕೇಳಿದ್ದನ್ನು ಕೊಟ್ಟಿತ್ತು. ಅದರ ಹಿಂದಿನ ವಾಕ್ಯದಲ್ಲಿ ನಮ್ಮ ಹಿರಿಯ ಎಂಜಿನಿಯರರು ಸ್ಥಳಕ್ಕೆ ಬಂದು ಪರಿಶೀಲಿಸಿದ್ದಾರೆ ಎಂದೂ ಇತ್ತು. ನಮ್ಮ ಹಿರಿಯ ಎಂಜಿನಿಯರರು ಆ ವಾರವೆಲ್ಲ ಮಗಳ ಮದುವೆಗೆಂದು ರಜೆಯಲ್ಲಿದ್ದರು.

ಸ್ಟೇಷನ್ನುಗಳ ಹತ್ತಿರ, ಪೋಸ್ಟ್ ಆಫೀಸುಗಳ ಮುಂದೆ ಕೂತು ಓದುಬರಹ ಬಾರದವರಿಗೆ ಪತ್ರ ಬರೆದುಕೊಡುವವರು ಮುಂಬೈಯಲ್ಲಿ ಒಂದು ಕಾಲಕ್ಕೆ ಬೇಕಾದಷ್ಟಿದ್ದರು. ಅವರೂ ತಮ್ಮ ಕೈಯಿಂದ ನಾಲ್ಕು ಮಾತು ಸೇರಿಸುತ್ತಿದ್ದರೆಂದು ಕೇಳಿದ್ದೇನೆ. ಆದರೆ ಬರೆದದ್ದನ್ನು ಒಮ್ಮೆ ಓದಿ ಹೇಳುತ್ತಿದ್ದರು. ಬರೆಸಿದವನು ಕೇಳಿ, ಸರಿ ಎಂದ ಮೇಲೆ ಹೆಬ್ಬೆಟ್ಟು. ಅದಕ್ಕೂ ಹಿಂದೆ ಹೋದರೆ ನಮ್ಮ ಕಡೆಯ ಗುಡಿಗಳ ಶಾಸನಗಳಿವೆ. ರಾಜ ದಾನ ಕೊಟ್ಟ ಕಥೆಯೆಲ್ಲ ಮುಗಿದ ಮೇಲೆ, ಎಷ್ಟೋ ಶಾಸನಗಳ ಕೊನೆಗೆ ಅದನ್ನು ರಚಿಸಿದವನ ಹೆಸರು, ಕಲ್ಲಿನಲ್ಲಿ ಕೊರೆದ ರೂವಾರಿಯ ಹೆಸರು ಇರುತ್ತದೆ. ಹೆಮ್ಮೆಗೆ ಹಾಕಿಕೊಂಡದ್ದು ಎಂದು ನಾನು ತಿಳಿದಿದ್ದೆ. ಆವತ್ತು ಬೇರೆ ಅನಿಸಿತು. ಮುಂದೆ ಯಾರಾದರೂ ಬಂದು ಇದೇನಯ್ಯಾ ಎಂದು ಕೇಳಿದರೆ ಎದ್ದು ನಿಂತು ಉತ್ತರ ಹೇಳಲು ಒಬ್ಬ ಬೇಕಲ್ಲ, ಅದಕ್ಕೆ. ಕೆಲವು ಶಾಸನಗಳಲ್ಲಿ ಮಾತು ಮುರಿದವರಿಗೆ ಶಾಪವೂ ಇರುತ್ತದೆ. ನಮ್ಮ ಪತ್ರಗಳಲ್ಲಿ ಅದಿಲ್ಲ. ಗ್ರಾಹಕರೇ ಫೋನಿನಲ್ಲಿ ಒದಗಿಸುತ್ತಾರೆ.

ಮೆಹಬೂಬನನ್ನು ಕರೆದೆ. ಆ ಕಡೆಯ ಲಿಫ್ಟುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್, ಅವನೂ ವಿಜಾಪುರದವನೇ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಮ್ಯಾನೇಜರರ ಜೊತೆ ಹಿಂದಿ. ಶನಿವಾರ ಎಂದದ್ದು ಕೇಳಿ ಅವನಿಗೆ ನಗು ಬಂತು. ಬಾಗಿಲಿನ ಲಾಕ್ ಕೆಟ್ಟಿದೆ, ಹಳೆಯ ಮಾದರಿ, ಹೊಸದಾಗಿ ಮಾಡಿಸಿ ತರಬೇಕು, ಇನ್ನೂ ಹತ್ತು ದಿನವಾದರೂ ಬೇಕು ಎಂದ. ಬಾಗಿಲು ಸರಿಯಾಗಿ ಮುಚ್ಚುವ ತನಕ ಲಿಫ್ಟ್ ಕದಲದಂತೆ ತಡೆಯುವುದು ಆ ಲಾಕಿನ ಕೆಲಸ. ಅದನ್ನು ತಪ್ಪಿಸಿ ಎರಡು ವೈರು ಜೋಡಿಸಿಬಿಟ್ಟರೆ ಲಿಫ್ಟ್ ಓಡುತ್ತದೆ, ಬಾಗಿಲು ತೆರೆದಿದ್ದರೂ ಓಡುತ್ತದೆ. ಇಷ್ಟು ನನಗೂ ಗೊತ್ತಿತ್ತು. ಒಂದೇ ದಿನದ ಮಟ್ಟಿಗೆ, ರೊಟ್ಟಿ ಇಳಿಸುವಷ್ಟು ಹೊತ್ತು, ನಾವೇ ಎದುರಿಗೆ ನಿಂತು, ಎಂದು ಸುತ್ತಿ ಬಳಸಿ ನಾನು ಮಾತು ತೆಗೆದೆ.

"ಸಾಹೇಬ್ರ, ಅದೊಂದ್ ಬಿಟ್ಟು ಬ್ಯಾರೆ ಏನರ ಹೇಳ್ರಿ" ಎಂದ ಮೆಹಬೂಬ್. ಆ ಬಿಲ್ಡಿಂಗಿನಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದೂ ಸೇರಿಸಿದ. ನನಗೆ ನಾಚಿಕೆಯಾಯಿತು. ಒಂದು ಸುಳ್ಳು ವಾಕ್ಯವನ್ನು ನಿಜ ಮಾಡಲು ಹೋಗಿ ಎಲ್ಲಿಗೆ ಬಂದು ನಿಂತಿದ್ದೆ ನೋಡಿ.

ಟೇಬಲಿಗೆ ಮರಳಿ, ಅಭ್ಯಾಸಬಲದಿಂದ, ಕಾರಕೂನನಿಗೇ ಹೇಳಿದೆ: ಶನಿವಾರ ಆಗುವುದಿಲ್ಲ, ವಿಷಾದ ತಿಳಿಸಿ ಬರೆ. ಕಣ್ಣು ಮಿಟುಕಿಸುವುದರೊಳಗೆ ಸೊಗಸಾದ ಪತ್ರ ತಯಾರಾಯಿತು. ಅನಿರೀಕ್ಷಿತ ಕಾರಣಗಳಿಂದಾಗಿ, ಎಂದು ಶುರುವಾಗಿತ್ತು. ಈ ಸಲ ಓದಿದೆನಲ್ಲ, ಅಲ್ಲೇ ಸಿಕ್ಕಿಬಿದ್ದೆ. ಅನಿರೀಕ್ಷಿತವಾದದ್ದು ಏನಿತ್ತು? ಲಾಕ್ ಬರುವುದಿಲ್ಲವೆಂಬುದು ಮೊದಲಿನಿಂದಲೂ ಗೊತ್ತಿದ್ದದ್ದೇ. ಗೊತ್ತಿದ್ದವನನ್ನು ನಾನು ಕೇಳಿರಲಿಲ್ಲ, ಅಷ್ಟೇ. ಸುಳ್ಳಿಗೆ ಕೇಳುವ ಕ್ಷಮೆಯೂ ಇನ್ನೊಂದು ಸುಳ್ಳಾಗಿತ್ತು.

ಮುಂಬೈಯ ಕೋಟೆ ಪ್ರದೇಶದ ಹಳೆಯ ಕಟ್ಟಡಗಳಲ್ಲಿ ಈಗಲೂ ಅಲ್ಲಲ್ಲಿ ಲಿಫ್ಟ್‌ಮ್ಯಾನ್ ಇರುತ್ತಾನೆ. ಸ್ಟೂಲಿನ ಮೇಲೆ ಕೂತು, ನಾವೇ ಒತ್ತಬಹುದಾದ ಗುಂಡಿಯನ್ನು ನಮ್ಮ ಪರವಾಗಿ ಒತ್ತುತ್ತಾನೆ. ಲಿಫ್ಟ್ ತಾನೇ ಓಡುವಂಥದ್ದಾದ ಮೇಲೂ ಇವನನ್ನೇಕೆ ಇಟ್ಟುಕೊಂಡಿದ್ದಾರೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ನಗುತ್ತಿದ್ದೆ. ಆದರೆ ನಡುವೆ ಲಿಫ್ಟ್ ನಿಂತಾಗ ಒಳಗಿದ್ದವರೆಲ್ಲ ಗುಂಡಿಯ ಕಡೆ ನೋಡುವುದಿಲ್ಲ, ಅವನ ಮುಖ ನೋಡುತ್ತಾರೆ. ಅವನಿಗೂ ರಿಪೇರಿ ಬರುವುದಿಲ್ಲ. ಆದರೂ ಆ ಹೊತ್ತಿಗೆ ಕೇಳುವುದಕ್ಕೆ ಒಂದು ಮುಖ ಇರುತ್ತದೆ. ನನ್ನ ಈಗಿನ ಕೆಲಸವೂ ಅದೇ ಎಂದು ಅನಿಸಿತು. ಬರೆಯುವುದು ತಾನಾಗಿಯೇ ನಡೆಯುತ್ತದೆ. ನಿಂತುಹೋದಾಗ ನೋಡಲು ಒಂದು ಮುಖ ಬೇಕು. ಅದಕ್ಕೇ ನನಗೆ ಸಂಬಳ. ಸೊಗಸಾದ ಪತ್ರವನ್ನು ಅಳಿಸಿ, ಮುಖ ತೆಗೆದುಕೊಂಡು ಹೊರಟೆ.

ಶುಕ್ರವಾರ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಭಾಂಡುಪ್‌ನಲ್ಲಿ ಇಳಿದೆ. ಲಿಫ್ಟಿನ ಬಾಗಿಲಿಗೆ ನಮ್ಮದೇ ಕಂಪನಿಯ ಬೋರ್ಡು ತೂಗುಹಾಕಿತ್ತು. ಮೆಟ್ಟಿಲು ಹತ್ತತೊಡಗಿದೆ. ಲಿಫ್ಟ್ ಕಂಪನಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನು ಮೆಟ್ಟಿಲು ಹತ್ತುವುದನ್ನು ಯಾರೂ ನೋಡಬಾರದು. ಎರಡನೇ ಮಹಡಿಗೆ ಏದುಸಿರು, ಮೂರನೆಯದಕ್ಕೆ ಮೊಣಕಾಲು ಕಟಕಟ, ನಾಲ್ಕನೆಯದಕ್ಕೆ ಕಂಬಿ ಹಿಡಿದು ನಿಂತೆ. ಅಲ್ಲಿಂದಲೇ ಬಿಸಿ ಹಂಚಿನ ಮೇಲಿನ ಜೋಳದ ವಾಸನೆ ಬಂತು. ಬೇರೆ ಯಾವ ದಿನವಾದರೂ ಆ ವಾಸನೆಗೆ ನಾನು ಓಡಿ ಹತ್ತುತ್ತಿದ್ದೆ.

ಗಂಗಾಬಾಯಿ ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮನೆಯ ತುಂಬ ರೊಟ್ಟಿ. ಮಂಚದ ಮೇಲೆ, ಸೋಫಾದ ಮೇಲೆ ಬಿಳಿ ಪಂಚೆ ಹಾಸಿ ರೊಟ್ಟಿ ಹರಡಿದ್ದರು. ನಾನು ಅಣ್ಣಿಗೇರಿ ಎಂದ ಕೂಡಲೇ ಒಂದು ಕುರ್ಚಿಯ ಮೇಲಿನ ರೊಟ್ಟಿಗಳನ್ನು ಜೋಪಾನವಾಗಿ ಎತ್ತಿಟ್ಟು ನನಗೆ ಜಾಗ ಮಾಡಿದರು, ನೀರು ಕೊಟ್ಟರು. ಇಷ್ಟು ದೂರ ಬಂದಿರಿ ಎಂದು ಉಪಚಾರದ ಮಾತಾಡಿದರು. ಹೇಳಬೇಕಾದದ್ದು ಇನ್ನಷ್ಟು ಕಷ್ಟವಾಯಿತು.

ನಾಳೆ ಲಿಫ್ಟ್ ಚಾಲೂ ಆಗುವುದಿಲ್ಲ ಎಂದು ಹೇಳಿದೆ. ನಡುವೆ ಏನೋ ತೊಂದರೆ ಬಂದಿರಬೇಕೆಂದು ತಿಳಿದು, ಏನಾಯಿತು ಎಂದು ಕೇಳಿದರು. ಏನೂ ಆಗಿಲ್ಲ, ಮೊದಲಿನಿಂದಲೂ ಶನಿವಾರ ಆಗುವಂತಿರಲಿಲ್ಲ ಎಂದೆ. ಮತ್ತೆ ಬರೆದಿದ್ದಿರಲ್ಲ ಎಂದರು.

"ಅದನ್ನ ನಾ ಬರದಿಲ್ರಿ. ಕಂಪ್ಯೂಟರಿನ ಮಷೀನ್ ಬರದದ್ದು" ಎಂದೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಗಂಗಾಬಾಯಿ ನನ್ನನ್ನೇ ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಿಟ್ಟನ್ನು ಎದುರಿಸುವುದು ನನ್ನ ಕಸುಬು.

"ಕೆಳಗ ಮಷೀನಿನ ಹೆಸರು ಇದ್ದಿದ್ರ ನಾ ಆರ್ಡರ್ ಹಿಡೀತಿದ್ದಿಲ್ರಿ" ಎಂದರು. "ನಿಮ್ಮ ಹೆಸರಿತ್ತು."

ಬಾಂದ್ರಾದಲ್ಲಿ ಬಿರಿಯಾನಿಯ ನಂತರ ನಾನು ನಿದ್ದೆಯಲ್ಲಿ ಕಳೆದುಕೊಂಡಿದ್ದ ಪಾಠ ಅಷ್ಟೂ ಈ ಎರಡು ಮಾತಿನಲ್ಲಿತ್ತು. ತಪ್ಪಾಯ್ತು ರೀ, ಓದದೆ ಸಹಿ ಹಾಕಿದೆ ಎಂದೆ. ವಿಷಾದಕ್ಕೆ ಮುಂಚೆ ಹಚ್ಚುವ ಹೃತ್ಪೂರ್ವಕ, ತೀವ್ರ ಮುಂತಾದ ಪದಗಳು ಒಂದೂ ನೆನಪಾಗಲಿಲ್ಲ. ಅವರು ಹೂಂ ಎಂದರು. ಮಂಚದ ಮೇಲಿನ ರೊಟ್ಟಿಗಳ ಕಡೆ ಕೈ ತೋರಿಸಿ, ಹಿಟ್ಟೆಲ್ಲ ಬೀಸಿಸಿ ಆಗಿದೆ, ಅರ್ಧ ರೊಟ್ಟಿಯೂ ಆಗಿದೆ, ಈಗ ಹಿಂದೆ ಸರಿಯಲಿಕ್ಕಾಗುವುದಿಲ್ಲ, ಇವನ್ನು ಒಡೆಯದಂತೆ ಕೆಳಗೆ ಒಯ್ಯುವುದು ಹೇಗೆ, ಅಷ್ಟು ಹೇಳಿ ಎಂದರು.

ಅದನ್ನು ಹೇಳಿದವಳು ನನ್ನ ಹೆಂಡತಿ. ಮನೆಗೆ ಬಂದು ಎಲ್ಲ ಒಪ್ಪಿಸಿದಾಗ, ಇಷ್ಟಕ್ಕೆಲ್ಲ ಮಷೀನನ್ನು ಯಾಕೆ ಕೇಳಲಿಲ್ಲ ಎಂದು ಮೊದಲು ಒಂದು ಚುಚ್ಚಿದಳು. ಆಮೇಲೆ, ರೊಟ್ಟಿ ಒಡೆಯುವುದು ತಿರುವಿನಲ್ಲಿ ತಾನೇ, ತಿರುವು ತಿರುವಿಗೆ ಒಬ್ಬರು ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ಕೊಟ್ಟರೆ ಯಾರೂ ಬುಟ್ಟಿ ಹೊತ್ತು ತಿರುಗಬೇಕಾಗಿಲ್ಲ ಎಂದಳು. ರವಿವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಮೆಹಬೂಬ್ ರಜೆಯ ದಿನ ಬಿಟ್ಟು ಬಂದಿದ್ದ. ಗಂಗಾಬಾಯಿ, ಅವರ ಮಗಳು, ಕೆಲಸದ ಇಬ್ಬರು ಹೆಣ್ಣುಮಕ್ಕಳು, ಸಾಲದ್ದಕ್ಕೆ ಗದ್ದಲ ಕೇಳಿ ಬಾಗಿಲು ತೆರೆದ ನೆರೆಯವರು. ಮರಾಠಿ, ಕನ್ನಡ, ಹಿಂದಿಯಲ್ಲಿ ಹುಷಾರು ಹುಷಾರು ಎನ್ನುತ್ತ ಬುಟ್ಟಿಗಳು ಇಳಿಯತೊಡಗಿದವು.

ನಾನು ಮೂರನೇ ಮಹಡಿಯಲ್ಲಿದ್ದೆ. ಎಲ್ಲರ ಕೈಯಿಂದಲೂ ಸುಸೂತ್ರವಾಗಿ ಬಂದ ಒಂದು ಬುಟ್ಟಿ ನನ್ನ ಕೈಯಿಂದ ಜಾರಿ ಕಂಬಿಗೆ ಬಡಿಯಿತು. ಖಡಕ್ ರೊಟ್ಟಿ ಒಡೆಯುವ ಸದ್ದು ಇಡೀ ಬಿಲ್ಡಿಂಗಿಗೆ ಕೇಳಿಸಿತು. ಮೇಲಿನ ತಿರುವಿನಿಂದ ನನ್ನ ಹೆಂಡತಿ ಬಗ್ಗಿ ನೋಡಿದಳು, ಅಷ್ಟೇ. ಪುಣ್ಯಕ್ಕೆ ಗಂಗಾಬಾಯಿ ಮುಂಜಾಗ್ರತೆಗೆಂದು ಹೆಚ್ಚಿಗೆ ಮಾಡಿಸಿದ್ದರು. ಗೇಟಿನಲ್ಲಿ ಕೇಟರಿಂಗಿನವರ ಟೆಂಪೋ ತುಂಬಿತು. ಅವರು ಒಂದೊಂದು ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿ, ತಲೆಯಾಡಿಸಿ, ಹೊರಟರು. ಟೆಂಪೋ ತಿರುವಿನಲ್ಲಿ ಮರೆಯಾಗುವ ತನಕ ಗಂಗಾಬಾಯಿ ಸೆರಗು ಹಿಡಿದು ನಿಂತೇ ಇದ್ದರು. ಆಮೇಲೆ ನನ್ನ ಬುಟ್ಟಿಯ ಒಡೆದ ಚೂರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಇವು ನಿಮ್ಮ ಪಾಲಿನವು ಎಂದು ನನ್ನ ಕೈಗೆ ಕೊಟ್ಟರು. ವಾರವಿಡೀ ನಾವು ಅದನ್ನು ಮೊಸರು, ಶೇಂಗಾ ಚಟ್ನಿಯ ಜೊತೆ ತಿಂದೆವು. ರುಚಿಗೇನೂ ಕಡಿಮೆಯಿರಲಿಲ್ಲ. ಕಾರಕೂನನಿಗೂ ಅದರಲ್ಲಿ ಒಂದು ಪಾಲು ಒಯ್ಯಿರಿ ಎಂದು ಹೆಂಡತಿ ಡಬ್ಬಿ ಕಟ್ಟುವಾಗ ಹೇಳುತ್ತಿದ್ದಳು.

ಮ್ಯಾನೇಜರರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈದರು, ಆಮೇಲೆ ಮೆಕ್ಯಾನಿಕ್ಕನ್ನು ಕೇಳದೆ ಯಾವ ಪತ್ರದಲ್ಲೂ ದಿನ ಬರೆಯಕೂಡದು ಎಂದು ಆಜ್ಞೆ ಮಾಡಿದರು. ಕಾರಕೂನನನ್ನು ನಾನು ಕೆಲಸದಿಂದ ತೆಗೆದಿಲ್ಲ. ಅದರ ತಪ್ಪೇನಿದೆ? ಈಗಲೂ ಕರಡು ಬರೆಯುವುದು ಅದೇ. ಆದರೆ ಗ್ರಾಹಕರ ಹೆಸರು, ವಿಳಾಸ ತೆಗೆದೇ ಅದರ ಮುಂದಿಡುತ್ತೇನೆ. ನಿಜ ಏನೆಂದು ಮೊದಲು ಮೆಹಬೂಬನಂಥವರನ್ನು ಕೇಳಿ, ಅಷ್ಟನ್ನೇ ಹೇಳುತ್ತೇನೆ. ಅದು ಬರೆದುಕೊಟ್ಟ ಮೇಲೆ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಮಾತನ್ನು ನಾನೇ ಆರು ಮಹಡಿ ಹತ್ತಿ ಹೋಗಿ, ಎದುರಿಗೆ ಕೂತು ಹೇಳಬೇಕಾದರೆ ಹೇಳುತ್ತೇನೆಯೇ? ಹೃತ್ಪೂರ್ವಕ ಮೊದಲನೇ ಮಹಡಿಯಲ್ಲೇ ಉದುರುತ್ತದೆ. ನಮ್ಮ ಅವಿರತ ಬದ್ಧತೆ ಮೂರನೆಯದರಲ್ಲಿ ಕಂಬಿ ಹಿಡಿದು ನಿಲ್ಲುತ್ತದೆ. ಆರನೇ ಮಹಡಿ ಮುಟ್ಟುವುದು ಎರಡೋ ಮೂರೋ ಸಾಲು. ನನ್ನ ಪತ್ರಗಳು ಗಿಡ್ಡವಾಗಿವೆ ಎಂದು ಆಫೀಸಿನಲ್ಲಿ ಹೇಳುತ್ತಾರೆ. ತಿದ್ದುತ್ತಿರುವುದು ನನ್ನ ಬುದ್ಧಿಯಲ್ಲ, ಮೊಣಕಾಲು.

ಲಾಕ್ ಕೊನೆಗೂ ಬಂತು. ಮೆಹಬೂಬ್ ಅದನ್ನು ಕೂಡಿಸಿದ ದಿನ ನಾನೂ ಹೋಗಿ, ಏಳನೇ ಮಹಡಿಯ ತನಕ ಹತ್ತಿ ಇಳಿದು, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಮುಚ್ಚಿ ನೋಡಿದೆ. ಆಫೀಸಿಗೆ ಬಂದು, ಆ ಒಂದು ಪತ್ರವನ್ನು ಮಾತ್ರ ಕಾರಕೂನನಿಗೆ ತೋರಿಸದೆ ಕೈಯಾರೆ ಬರೆದೆ. ಹೊಸ ಲಾಕ್ ಹಾಕಿದ್ದೇವೆ, ಹಾಕಿದ್ದು ಮೆಹಬೂಬ್, ನಾನು ಹತ್ತಿ ನೋಡಿದ್ದೇನೆ, ಲಿಫ್ಟ್ ನಡೆಯುತ್ತಿದೆ. ಕೆಳಗೆ ಅಣ್ಣಿಗೇರಿ.

ಮರುದಿನ ಗಂಗಾಬಾಯಿಯ ಫೋನು ಬಂತು. ಕೇಟರಿಂಗಿನವರು ಮತ್ತೆ ಕೇಳಿದ್ದಾರೆ, ಈ ಸಲ ದೊಡ್ಡ ಮದುವೆಯಂತೆ. ಒಪ್ಪಿಕೊಂಡಿರಾ ಎಂದು ನಾನು ಅಳುಕುತ್ತಲೇ ಕೇಳಿದೆ.

"ಮಗಳು ನಿಮ್ಮ ಕಾಗದ ಓದಿ ನಗಲಿಕತ್ತಿದ್ಲು ರೀ. ಇಂಗ್ಲಿಷಿನ್ಯಾಗ ಭಾಳ ತಪ್ಪ ಅದಾವಂತ" ಎಂದರು. "ನಾ ಅಂದೆ, ಹಂಗಾದ್ರ ಇದನ್ನ ಖುದ್ದು ಅವರ ಬರದಾರ. ಆರ್ಡರ್ ಹಿಡಿ."